ಅಜ್ಜನ ಟ್ರಂಕಿನಲ್ಲಿ ಸಿಕ್ಕ ಯುದ್ಧ ಬಾಂಡ್: ದುಡ್ಡು ಕೊಡಬೇಕಾದವರು ಯಾರು, ಕೊಡುವುದು ಎಷ್ಟು?

ಮನೆಯ ಹಳೇ ಕಾಗದಪತ್ರಗಳ ನಡುವೆ ಮೊದಲ ಮಹಾಯುದ್ಧದ ಕಾಲದ ಸಾಲಪತ್ರ ಸಿಕ್ಕಿದೆ, ಬ್ರಿಟಿಷ್ ಸರ್ಕಾರಕ್ಕೆ ನೋಟಿಸ್ ಕಳಿಸುತ್ತೇವೆ ಎನ್ನುವ ಸುದ್ದಿಗಳು ಆಗಾಗ ಬರುತ್ತವೆ. ಸುದ್ದಿಯ ಬೆನ್ನಿಗೇ ಲೆಕ್ಕ ಶುರು. ಅಂದಿನ ಸಾವಿರ ರೂಪಾಯಿ ಇಂದಿನ ಎಷ್ಟು ಲಕ್ಷ? ಚಕ್ರಬಡ್ಡಿ ಹಾಕಿದರೆ ಎಷ್ಟು ಕೋಟಿ? ವಾಟ್ಸಾಪ್‌ನಲ್ಲಿ ನಾಲ್ಕು ಗುಂಪು ದಾಟುವಷ್ಟರಲ್ಲಿ ಇಂಗ್ಲೆಂಡಿನ ರಾಜನೇ ಯಾವುದೋ ಊರಿನ ಸಾಹುಕಾರರ ಮನೆಗೆ ಬಾಕಿದಾರನಾಗಿರುತ್ತಾನೆ.

ಓದೋಕೆ ಖುಷಿಯಾಗುತ್ತದೆ, ನಿಜ. ಆದರೆ ಆ ಲೆಕ್ಕದಲ್ಲಿ ಎರಡು ದೊಡ್ಡ ತಪ್ಪುಗಳಿವೆ. ಭಾರತದಲ್ಲಿ ಮಾರಿದ ಯುದ್ಧ ಬಾಂಡಿನ ದುಡ್ಡು ಕೊಡಬೇಕಾದವರು ಬ್ರಿಟನ್ ಅಲ್ಲ, ಭಾರತ ಸರ್ಕಾರ. ಕೊಡಬೇಕಾದ ಮೊತ್ತ ಕಾಗದದ ಮೇಲೆ ಬರೆದಷ್ಟೇ, ಅದರ ಇಂದಿನ ಬೆಲೆಯಲ್ಲ. ಇವೆರಡೂ ಹೇಗೆ ಎಂದು ಗೊತ್ತಾಗಬೇಕಾದರೆ 1917ಕ್ಕೆ ಹೋಗಬೇಕು.

ಹಣ ಲಂಡನ್ನಿಗೆ, ಸಾಲ ಇಲ್ಲೇ

ಆ ವರ್ಷ ವೈಸ್‌ರಾಯ್ ಆಗಿದ್ದವರು ಚೆಮ್ಸ್‌ಫರ್ಡ್. ಹಣಕಾಸು ನೋಡಿಕೊಳ್ಳುತ್ತಿದ್ದವರು ಸರ್ ವಿಲಿಯಂ ಮೇಯರ್. ಬ್ರಿಟನ್ನಿನ ಯುದ್ಧದ ಖರ್ಚಿಗೆ ಭಾರತದಿಂದ 10 ಕೋಟಿ ಪೌಂಡ್ ಕೊಡುವುದಾಗಿ ಸರ್ಕಾರ ಘೋಷಿಸಿತು. ಆಗ ಒಂದು ಪೌಂಡಿಗೆ 15 ರೂಪಾಯಿ. ಅಂದರೆ 150 ಕೋಟಿ ರೂಪಾಯಿ! ಖಜಾನೆಯಲ್ಲಿ ಅಷ್ಟು ದುಡ್ಡು ಇರಲಿಲ್ಲ. ಅದಕ್ಕೇ ಯುದ್ಧ ಸಾಲ ಎತ್ತಿದರು. ಜನರಿಂದ ಬಂದ ಹಣವನ್ನು ಲಂಡನ್ನಿಗೆ ದಾಟಿಸಿದರು. ಉಳಿದ ಭಾಗಕ್ಕೆ ಬ್ರಿಟನ್ ತಾನೇ ಎತ್ತಿದ್ದ ಸಾಲದ ಒಂದು ಪಾಲಿನ ಬಡ್ಡಿಯನ್ನು ಭಾರತದ ತಲೆಗೆ ಕಟ್ಟಿದರು. ಈ ಹೊರೆ ಹೊರಲು ಹೊಸ ತೆರಿಗೆ ಬೇಕಾಯಿತು. ಹೊರದೇಶದ ಹತ್ತಿ ಬಟ್ಟೆಯ ಮೇಲಿನ ಆಮದು ಸುಂಕ ಶೇ. 3.5ರಿಂದ ಶೇ. 7.5ಕ್ಕೆ ಏರಿತು. ಇಂಗ್ಲೆಂಡಿನ ಲ್ಯಾಂಕಾಷೈರ್‌ನ ಬಟ್ಟೆ ಗಿರಣಿ ಮಾಲೀಕರು ಅದಕ್ಕೂ ಕೂಗಾಡಿದರು, ಅದು ಬೇರೆ ಕತೆ.

1917ರ ಸಾಲದಲ್ಲಿ ಮುಖ್ಯವಾಗಿ ಎರಡು ಬಗೆ. ಶೇ. 5 ಬಡ್ಡಿಯ, 1929ರಿಂದ 1947ರ ಒಳಗೆ ತೀರಿಸುವ ಯುದ್ಧ ಸಾಲ ಒಂದು. ಶೇ. 5.5 ಬಡ್ಡಿಯ, 1920 ಮತ್ತು 1922ರಲ್ಲಿ ತೀರುವ ಯುದ್ಧ ಬಾಂಡ್ ಇನ್ನೊಂದು. 1918ರಲ್ಲಿ ಮತ್ತೆ ಸಾಲ ಎತ್ತಿ 1921, 1923, 1925, 1928ರಲ್ಲಿ ತೀರುವ ಬಾಂಡ್‌ಗಳನ್ನು ಹೊರಡಿಸಿದರು. ಬಡವರ, ಸಣ್ಣ ನೌಕರರ ಕೈಗೂ ಎಟುಕಲಿ ಅಂತ ಅಂಚೆ ಕಚೇರಿಯಲ್ಲಿ ಐದು ವರ್ಷದ ಕ್ಯಾಷ್ ಸರ್ಟಿಫಿಕೇಟ್ ಬಂದದ್ದೂ 1917ರಲ್ಲೇ.

ಈ ಪತ್ರಗಳಲ್ಲಿ ಮಾತು ಕೊಟ್ಟವರು ಬ್ರಿಟನ್ನಿನ ರಾಜನೂ ಅಲ್ಲ, ಬ್ಯಾಂಕ್ ಆಫ್ ಇಂಗ್ಲೆಂಡೂ ಅಲ್ಲ. ಅಂದಿನ ಭಾರತ ಸರ್ಕಾರ. ಕಂಪನಿ ಆಡಳಿತ ಮುಗಿದಾಗ ಬಂದ 1858ರ ಕಾನೂನೇ ಈ ದಾರಿ ಹಾಕಿಕೊಟ್ಟಿತ್ತು. ಭಾರತದ ಹೆಸರಿನ ಸಾಲವನ್ನು ಭಾರತದ ಆದಾಯದಿಂದ ಮಾತ್ರ ತೀರಿಸಬೇಕು, ಬ್ರಿಟನ್ನಿನ ಖಜಾನೆಗೆ ಅದರ ಸೋಂಕೂ ತಾಗಬಾರದು. ಅನ್ಯಾಯ ಅಲ್ವಾ? ಖಂಡಿತ ಅನ್ಯಾಯವೇ. ದುಡ್ಡು ಖರ್ಚು ಮಾಡಿದವರು ಒಬ್ಬರು, ತೀರಿಸಬೇಕಾದವರು ಇನ್ನೊಬ್ಬರು. ಆದರೆ ಈ ಅನ್ಯಾಯ ಇಡೀ ದೇಶಕ್ಕೆ ಆದದ್ದು. ಅದರ ಬಲದ ಮೇಲೆ ಒಂದು ಮನೆಯವರು ಲಂಡನ್ನಿನಲ್ಲಿ ವಸೂಲಿಗೆ ಹೊರಟರೆ ಕಾನೂನಿನ ಬಾಗಿಲು ತೆರೆಯುವುದಿಲ್ಲ.

1947ರಲ್ಲಿ ದೇಶ ಒಡೆದಾಗ ಸಾಲವೂ ಒಡೆಯಬೇಕಿತ್ತು. ಬಾಂಡ್ ಹಿಡಿದವರಿಗೆ ಗೊಂದಲ ಆಗದಿರಲಿ ಎಂದು ಇಡೀ ಸಾರ್ವಜನಿಕ ಸಾಲದ ಹೊಣೆಯನ್ನು ಭಾರತವೇ ಹೊತ್ತುಕೊಂಡಿತು. ಪಾಕಿಸ್ತಾನ ತನ್ನ ಪಾಲನ್ನು 50 ವಾರ್ಷಿಕ ಕಂತುಗಳಲ್ಲಿ ಭಾರತಕ್ಕೆ ಕೊಡಬೇಕೆಂದು ಒಪ್ಪಂದವಾಯಿತು. ಆ ದುಡ್ಡು ಬರಲೇ ಇಲ್ಲ. ದೇಶ ಒಡೆಯುವ ಮುಂಚಿನ ಸಾಲದಲ್ಲಿ ಪಾಕಿಸ್ತಾನದಿಂದ ಬರಬೇಕಾದ ಪಾಲು 300 ಕೋಟಿ ರೂಪಾಯಿ ಎಂಬ ಸಾಲು ಕೇಂದ್ರ ಬಜೆಟ್ ಕಾಗದಗಳಲ್ಲಿ ದಶಕಗಳ ಕಾಲ ಹಾಗೇ ಕೂತಿತ್ತು.

ಕಾಗದವನ್ನು ಮೊದಲು ಸರಿಯಾಗಿ ಓದಿ

ಕರ್ನಾಟಕದ ಮನೆಗಳಲ್ಲಿ ಎಂಥ ಕಾಗದ ಸಿಗಬಹುದು ಎನ್ನುವುದು ಊರಿನ ಮೇಲೂ ನಿಂತಿದೆ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದವು. ಬಳ್ಳಾರಿ, ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿ. ಇಲ್ಲೆಲ್ಲ ನೇರ ಬ್ರಿಟಿಷ್ ಆಡಳಿತ. ಕಲಬುರಗಿ, ರಾಯಚೂರು, ಬೀದರ್ ನಿಜಾಮರ ಕೈಯಲ್ಲಿ. ಮೈಸೂರು ಒಡೆಯರ ಸಂಸ್ಥಾನ. ಮೈಸೂರು ಮಹಾರಾಜರು ಯುದ್ಧ ಶುರುವಾದ 1914ರಲ್ಲೇ 50 ಲಕ್ಷ ರೂಪಾಯಿ ಕೊಟ್ಟಿದ್ದರು. ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಹೋರಾಡಿದ್ದು ಎಲ್ಲರಿಗೂ ಗೊತ್ತು. ಆದರೆ ಆ 50 ಲಕ್ಷ ಕೊಡುಗೆ, ಸಾಲವಲ್ಲ.

ಸುಮ್ನೆ ಇತಿಹಾಸ ಹೇಳಬೇಕೆಂದು ಇದನ್ನು ತಂದದ್ದಲ್ಲ. ಹಳೇ ಕಾಗದ ಸಿಕ್ಕ ಎಷ್ಟೋ ಮನೆಗಳಲ್ಲಿ ಎಡವುವುದೇ ಕೊಡುಗೆ ಯಾವುದು, ಸಾಲ ಯಾವುದು ಎಂಬಲ್ಲಿ. ಯುದ್ಧ ನಿಧಿಗೆ ಕೊಟ್ಟ ಚಂದಾಕ್ಕೂ ಮುದ್ರೆ ಒತ್ತಿದ ಚೆಂದದ ರಸೀದಿ ಕೊಡುತ್ತಿದ್ದರು. 1962ರ ರಾಷ್ಟ್ರೀಯ ರಕ್ಷಣಾ ನಿಧಿಗೆ ಬಳೆ, ಸರ ಕೊಟ್ಟ ಹೆಂಗಸರಿಗೂ ರಸೀದಿ ಸಿಕ್ಕಿತ್ತು. ಅವು ಗೌರವದ ಕಾಗದಗಳು. ಅವುಗಳಿಂದ ಒಂದು ಪೈಸೆ ವಾಪಸ್ ಬರುವುದಿಲ್ಲ. ಇಂತಿಷ್ಟು ಬಡ್ಡಿ, ಇಂಥ ದಿನ ಅಸಲು ಎಂದು ಮಾತು ಕೊಟ್ಟಿದ್ದರೆ ಮಾತ್ರ ಅದು ಸಾಲಪತ್ರ.

ಸಾಲಪತ್ರವೇ ಆಗಿದ್ದರೆ ಅದರಲ್ಲೂ ಜಾತಿಗಳಿವೆ. ಸಾಮಾನ್ಯವಾಗಿ ಸಿಗುವುದು ಸರ್ಕಾರಿ ಪ್ರಾಮಿಸರಿ ನೋಟು, ಅಂದರೆ ಹಣ ಕೊಡುತ್ತೇವೆಂದು ಸರ್ಕಾರ ಬರೆದುಕೊಟ್ಟ ಪತ್ರ. ಇದನ್ನು ಹಿಂಬದಿಯಲ್ಲಿ ಸಹಿ ಹಾಕಿ ಇನ್ನೊಬ್ಬರಿಗೆ ವರ್ಗಾಯಿಸಬಹುದಿತ್ತು. ಹಾಗಾಗಿ ಮುಂದೆ ಅಜ್ಜನ ಹೆಸರಿದ್ದ ಮಾತ್ರಕ್ಕೆ ಕುಣಿಯಬೇಡಿ. ಹಿಂದೆ ಕೊನೆಯ ಸಹಿಯಲ್ಲಿ ಯಾರ ಹೆಸರಿಗೆ ಬರೆದಿದೆಯೋ ಹಕ್ಕು ಅವರದು. ಅದೇ ಹಿಂಬದಿಯಲ್ಲಿ ಸಾಲು ಸಾಲು ಸಣ್ಣ ಚೌಕಗಳಿರುತ್ತವೆ. ಖಜಾನೆಯಲ್ಲಿ ಆರು ತಿಂಗಳಿಗೊಮ್ಮೆ ಬಡ್ಡಿ ಕೊಟ್ಟಾಗ ಆ ಚೌಕದಲ್ಲಿ ಮುದ್ರೆ ಬೀಳುತ್ತಿತ್ತು. ಎಲ್ಲಿಯವರೆಗೆ ಬಡ್ಡಿ ಪಡೆದಿದ್ದಾರೆ ಎಂಬುದನ್ನು ಆ ಚೌಕಗಳೇ ಹೇಳುತ್ತವೆ. ಇನ್ನೊಂದು ಬಗೆ ಸ್ಟಾಕ್ ಸರ್ಟಿಫಿಕೇಟ್. ಅದರಲ್ಲಿ ಹಕ್ಕು ಇರುವುದು ಸರ್ಕಾರದ ಪುಸ್ತಕದಲ್ಲಿ, ಕಾಗದ ಬರೀ ಸಾಕ್ಷಿ. ಮೂರನೆಯದು ಬೇರರ್ ಬಾಂಡ್, ಯಾರ ಕೈಯಲ್ಲಿದೆಯೋ ಅವರದೇ.

ಇನ್ನೂ ಒಂದು ಮಾತು. ಅಸಲು ಪಡೆದವರು ಮೂಲ ಪತ್ರವನ್ನು ಖಜಾನೆಗೆ ಒಪ್ಪಿಸಬೇಕಿತ್ತು. ಮನೆಯಲ್ಲಿ ಉಳಿದಿರುವುದು ಅರ್ಜಿಯ ರಸೀದಿಯೋ, ನಕಲೋ, ಹಣ ಕಟ್ಟಿದ್ದಕ್ಕೆ ಕಲೆಕ್ಟರ್ ಬರೆದ ಮೆಚ್ಚುಗೆ ಪತ್ರವೋ ಆಗಿದ್ದರೆ ಅಸಲು ಎಂದೋ ಕೈಸೇರಿ, ಖರ್ಚಾಗಿ, ಮರೆತೇ ಹೋಗಿರುವ ಸಂಭವ ಜಾಸ್ತಿ.

ಸಾವಿರ ರೂಪಾಯಿಗೆ ಎಷ್ಟು ಬರುತ್ತದೆ?

ಸಾವಿರ ರೂಪಾಯಿಯೇ ಬರುತ್ತದೆ. ಇದನ್ನು ಅರಗಿಸಿಕೊಳ್ಳುವುದು ಕಷ್ಟ, ಆದರೂ ವಿಷಯ ಇಷ್ಟೇ.

ಸಾಲ ತೀರಿಸುವ ದಿನ ಬಂದ ಮೇಲೆ ಬಡ್ಡಿ ನಿಲ್ಲುತ್ತದೆ. ನೀವು ಹೋಗಿ ಅಸಲು ಕೇಳಲಿಲ್ಲ ಎಂದು ಬಡ್ಡಿ ಓಡುತ್ತಾ ಇರುವುದಿಲ್ಲ. 1944ರ ಸಾರ್ವಜನಿಕ ಸಾಲ ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳಿತ್ತು. ಈಗ ಅದರ ಜಾಗದಲ್ಲಿರುವುದು 2006ರ ಸರ್ಕಾರಿ ಸೆಕ್ಯುರಿಟೀಸ್ ಕಾಯ್ದೆ. ಬಾಕಿ ಉಳಿದ ಬಡ್ಡಿಯನ್ನೂ ಅದು ಕೊಡಬೇಕಾದ ದಿನದಿಂದ ಆರು ವರ್ಷದೊಳಗೆ ಕೇಳದಿದ್ದರೆ ಸರ್ಕಾರದ ಹೊಣೆ ಮುಗಿಯುತ್ತದೆ. ಹಾಗಾಗಿ 1947ಕ್ಕೆ ಅವಧಿ ಮುಗಿದ ಪತ್ರದ ಬಡ್ಡಿ ಈಗ ಸೊನ್ನೆ. ಉಳಿಯುವುದು ಅಸಲು ಒಂದೇ.

ಚಕ್ರಬಡ್ಡಿಯ ಮಾತಂತೂ ಯಾವತ್ತೂ ಇರಲಿಲ್ಲ. ಆರು ತಿಂಗಳಿಗೊಮ್ಮೆ ಬಡ್ಡಿ ತೆಗೆದುಕೊಂಡು ಹೋಗಿ ಎಂಬುದಷ್ಟೇ ಷರತ್ತು. ಸಾವಿರ ರೂಪಾಯಿಗೆ ವರ್ಷಕ್ಕೆ 50 ರೂಪಾಯಿ. ತಮಾಷೆಗೆ ಶೇ. 5ರ ಚಕ್ರಬಡ್ಡಿಯನ್ನು 108 ವರ್ಷ ಹಾಕಿ ನೋಡಿದರೂ ಎರಡು ಲಕ್ಷ ಮುಟ್ಟುವುದಿಲ್ಲ. ಕೋಟಿ ಎಲ್ಲಿಂದ ಬಂತು ಹಾಗಾದರೆ? ಚಿನ್ನದ ಲೆಕ್ಕದಿಂದ. ಆಗ ಒಂದು ಸವರನ್ ನಾಣ್ಯಕ್ಕೆ ಸರ್ಕಾರಿ ದರ 15 ರೂಪಾಯಿ. ಒಂದು ಸವರನ್‌ನಲ್ಲಿ ಶುದ್ಧ ಚಿನ್ನ 7.32 ಗ್ರಾಂ. ಸಾವಿರ ರೂಪಾಯಿಗೆ ಹತ್ತಿರ ಹತ್ತಿರ 488 ಗ್ರಾಂ ಚಿನ್ನ. ಇವತ್ತಿನ ಚಿನ್ನದ ದರದಲ್ಲಿ ಅದು ಅರ್ಧ ಕೋಟಿ ದಾಟುತ್ತದೆ. ಅಜ್ಜ ಬಾಂಡ್ ಬದಲು ಸವರನ್ ಕೊಂಡು ಹೂತಿಟ್ಟಿದ್ದರೆ ಮೊಮ್ಮಕ್ಕಳಿಗೆ ಬೆಂಗಳೂರಿನಲ್ಲೇ ಒಂದು ಫ್ಲ್ಯಾಟ್ ಬರುತ್ತಿತ್ತು. ಆದರೆ ಸರ್ಕಾರ ಮಾತು ಕೊಟ್ಟದ್ದು ರೂಪಾಯಿಯಲ್ಲಿ, ಚಿನ್ನದಲ್ಲಲ್ಲ.

ಯುದ್ಧ ಬಾಂಡಿನ ಒಳಗುಟ್ಟು ಇರುವುದೇ ಇಲ್ಲಿ. ಸರ್ಕಾರ ಯಾರಿಗೂ ಮೋಸ ಮಾಡದೆ, ಪೂರ್ತಿ ಅಸಲು ಬಡ್ಡಿ ಕೊಟ್ಟೂ, ಸಾಲದ ದೊಡ್ಡ ಪಾಲನ್ನು ಕರಗಿಸಿಬಿಡಬಹುದು. ಬೆಲೆ ಏರಿಕೆ ಆ ಕೆಲಸ ಮಾಡಿಕೊಡುತ್ತದೆ. ಎರಡನೇ ಮಹಾಯುದ್ಧದಲ್ಲೂ ಇದೇ ನಡೆಯಿತು. ಆಗ ಅಂಚೆ ಕಚೇರಿಯಲ್ಲಿ ಹತ್ತು ವರ್ಷದ ಡಿಫೆನ್ಸ್ ಸೇವಿಂಗ್ಸ್ ಸರ್ಟಿಫಿಕೇಟ್ ಮಾರಿದರು. 10 ರೂಪಾಯಿ ಕೊಟ್ಟರೆ ಹತ್ತು ವರ್ಷಕ್ಕೆ 13 ರೂಪಾಯಿ 9 ಆಣೆ. ಆ ಹತ್ತು ವರ್ಷದಲ್ಲಿ ಅಕ್ಕಿಯ ಬೆಲೆ ಅದಕ್ಕಿಂತ ಬಹಳ ಮುಂದೆ ಓಡಿತ್ತು.

ಬೇರೆ ದೇಶದವರಿಗೆ ಏನು ಸಿಕ್ಕಿತು?

ಬ್ರಿಟನ್ 1917ರಲ್ಲಿ ತನ್ನ ಜನರಿಗೆ ಮಾರಿದ ಶೇ. 5ರ ಯುದ್ಧ ಸಾಲದ ಕತೆ ಬೇರೆಯೇ. 1932ರಲ್ಲಿ ಹಣಕಾಸು ಮಂತ್ರಿ ನೆವಿಲ್ ಚೇಂಬರ್ಲೇನ್ ಅದನ್ನು ಶೇ. 3.5ಕ್ಕೆ ಇಳಿಸಿದರು. ದೇಶಭಕ್ತಿಯ ಹೆಸರಿನಲ್ಲಿ ಜನ ಒಪ್ಪಿಕೊಂಡರು. ಹೀಗೆ ಬದಲಾದ ಸಾಲಕ್ಕೆ ತೀರಿಸುವ ಕಡೇ ದಿನ ಎಂಬುದೇ ಇರಲಿಲ್ಲ. ಹಾಗಾಗಿ ಬಡ್ಡಿ ದಶಕಗಟ್ಟಲೆ ಹೋಗುತ್ತಲೇ ಇತ್ತು. ಕೊನೆಗೆ 2015ರ ಮಾರ್ಚ್ 9ರಂದು ಉಳಿದಿದ್ದ 190 ಕೋಟಿ ಪೌಂಡನ್ನು ಒಂದೇ ಸಲ ತೀರಿಸಿದರು. ಆಗಲೂ 1,20,000ಕ್ಕಿಂತ ಹೆಚ್ಚು ಮಂದಿಯ ಹೆಸರಿನಲ್ಲಿ ಆ ಸಾಲ ಇತ್ತು. ಅವರಲ್ಲಿ ಬಹಳ ಜನರ ಪಾಲು ನೂರು ಪೌಂಡಿಗೂ ಕಡಿಮೆ. ನಿಮ್ಮ ಕೈಯಲ್ಲಿರುವ ಪತ್ರ ಪೌಂಡಿನಲ್ಲಿದ್ದು, ಬ್ಯಾಂಕ್ ಆಫ್ ಇಂಗ್ಲೆಂಡಿನ ಹೆಸರಿದ್ದರೆ ಮಾತ್ರ ಲಂಡನ್ನಿನ ದಾರಿ ಹಿಡಿಯಬೇಕು. ಅಲ್ಲಿನ ಸರ್ಕಾರಿ ಬಾಂಡ್‌ಗಳ ದಾಖಲೆ ಪುಸ್ತಕ ಈಗ ಕಂಪ್ಯೂಟರ್‌ಷೇರ್ ಎಂಬ ಸಂಸ್ಥೆಯ ಬಳಿ ಇದೆ.

ಅಮೆರಿಕದವರು 1941ರಿಂದ ಸೀರೀಸ್ ಇ ಬಾಂಡ್ ಮಾರಿದರು. 18.75 ಡಾಲರ್ ಕೊಟ್ಟರೆ ಹತ್ತು ವರ್ಷಕ್ಕೆ 25 ಡಾಲರ್. ಆಮೇಲೆ ಅವಧಿಯನ್ನು ವಿಸ್ತರಿಸುತ್ತಾ ಹೋಗಿ ಯುದ್ಧಕಾಲದ ಬಾಂಡ್‌ಗಳಿಗೆ ಒಟ್ಟು 40 ವರ್ಷ ಬಡ್ಡಿ ಕೊಟ್ಟರು. ಟ್ರಂಕಿನಲ್ಲಿ ಮರೆತು ಹೋದ ಬಾಂಡೂ 1980ರ ದಶಕದವರೆಗೆ ಬೆಳೆಯುತ್ತಲೇ ಇತ್ತು. ಅಮೆರಿಕದ ಸುದ್ದಿ ಓದಿ ನಮ್ಮ ಬಾಂಡಿಗೂ ಹಾಗೇ ಅಂದುಕೊಳ್ಳುವುದು ಇಲ್ಲಿನ ಗೊಂದಲಕ್ಕೆ ಒಂದು ಕಾರಣ. ಎಲ್ಲವೂ ಷರತ್ತಿನ ಮೇಲೆ ನಿಂತಿದೆ. ಹಳೆಯದಾದಷ್ಟೂ ಬೆಲೆ ಜಾಸ್ತಿ ಎಂಬ ಮಾತು ಬಾಂಡಿಗೆ ಹೊಂದುವುದಿಲ್ಲ.

1962 ಮತ್ತು 1965ರ ಚಿನ್ನದ ಬಾಂಡ್‌ಗಳು

ನನ್ನ ಪ್ರಕಾರ ಕನ್ನಡ ಮನೆಗಳಲ್ಲಿ 1917ರ ಕಾಗದಕ್ಕಿಂತ ಹೆಚ್ಚು ಹುಡುಕಬೇಕಾದದ್ದು ಇವನ್ನು. ಇವೂ ಯುದ್ಧದ ಬಾಂಡ್‌ಗಳೇ. ಕೊಂಡವರ ಮಕ್ಕಳು ಇನ್ನೂ ಬದುಕಿದ್ದಾರೆ. ವಾರಸುದಾರರ ಪಟ್ಟಿ ಉದ್ದ ಇಲ್ಲ.

ಚೀನಾ ಯುದ್ಧದ ಸಮಯ, 1962ರ ನವೆಂಬರ್‌ನಲ್ಲಿ ಶೇ. 6.5 ಬಡ್ಡಿಯ ಚಿನ್ನದ ಬಾಂಡ್ ಬಂತು. ಜನ ಚಿನ್ನ ಕೊಟ್ಟು ಬಾಂಡ್ ಪಡೆದರು. ಆದರೆ ಸರ್ಕಾರ ಆ ಚಿನ್ನಕ್ಕೆ ಕಟ್ಟಿದ್ದು ಅಂತರರಾಷ್ಟ್ರೀಯ ದರ, 10 ಗ್ರಾಂಗೆ 53.58 ರೂಪಾಯಿ. ಪೇಟೆಯಲ್ಲಿ ಆಗ ಅದರ ಎರಡು ಪಟ್ಟು ದರ ಇತ್ತು. 1977ರಲ್ಲಿ ವಾಪಸ್ ಬಂದದ್ದು ರೂಪಾಯಿ. ಅಂದರೆ ಅರ್ಧ ಬೆಲೆಗೆ ಚಿನ್ನ ಕೊಟ್ಟು, ಹದಿನೈದು ವರ್ಷ ಕಾದು, ಅಷ್ಟೇ ರೂಪಾಯಿ ತೆಗೆದುಕೊಂಡಂತೆ.

1965ರ ಪಾಕಿಸ್ತಾನ ಯುದ್ಧದ ನಂತರ ಸರ್ಕಾರ ಪಾಠ ಕಲಿತಿತ್ತು. ಆ ಅಕ್ಟೋಬರ್‌ನಲ್ಲಿ ಬಂದ ರಾಷ್ಟ್ರೀಯ ರಕ್ಷಣಾ ಚಿನ್ನದ ಬಾಂಡ್ 1980ರಲ್ಲಿ ಚಿನ್ನವಾಗಿಯೇ ವಾಪಸ್ ಬರುವ ಮಾತು ಕೊಟ್ಟಿತು. ಚಿನ್ನ ಎಲ್ಲಿಂದ ಬಂತು ಎಂದು ಕೇಳುವುದಿಲ್ಲ ಎಂಬ ಭರವಸೆಯೂ ಇತ್ತು. ಬಡ್ಡಿ ತೀರಾ ಕಡಿಮೆ. ಆದರೂ ಲಾಭ ಎಲ್ಲಿತ್ತು ನೋಡಿ: 1965ರಲ್ಲಿ 10 ಗ್ರಾಂ ಚಿನ್ನ ನೂರು ರೂಪಾಯಿಯೊಳಗೆ, 1980ರಲ್ಲಿ ಸಾವಿರ ದಾಟಿತ್ತು. ಒಂದೇ ಮನೆ, ಮೂರು ವರ್ಷದ ಅಂತರದ ಎರಡು ಬಾಂಡ್, ಫಲ ಮಾತ್ರ ಅಜಗಜಾಂತರ.

ಹೈದರಾಬಾದಿನ ನಿಜಾಮರು ದೇಶಕ್ಕೆ 5,000 ಕೆ.ಜಿ. ಚಿನ್ನ ದಾನ ಮಾಡಿದರು ಎಂಬ ಕತೆ ಕೇಳಿರುತ್ತೀರಿ. ಮಾಹಿತಿ ಹಕ್ಕಿನಲ್ಲಿ ಕೇಳಿದಾಗ ಬಂದ ಉತ್ತರ ಬೇರೆ. ಅವರು ಕೊಟ್ಟದ್ದು 425 ಕೆ.ಜಿ., ಅದೂ ದಾನವಲ್ಲ, 1965ರ ಇದೇ ಚಿನ್ನದ ಬಾಂಡಿನಲ್ಲಿ ಹೂಡಿಕೆ. ಕೊಡುಗೆಗೂ ಸಾಲಕ್ಕೂ ಗೊಂದಲ ಬಡವರ ಮನೆಯಲ್ಲಿ ಮಾತ್ರ ಅಲ್ಲ!

ಕೇಳುವುದು ಹೇಗೆ?

ರೂಪಾಯಿ ಬಾಂಡ್‌ಗಳ ಲೆಕ್ಕ ನೋಡುವುದು ರಿಸರ್ವ್ ಬ್ಯಾಂಕಿನ ಸಾರ್ವಜನಿಕ ಸಾಲ ಕಚೇರಿ. ಬೆಂಗಳೂರಿನಲ್ಲಿ ಅದು ನೃಪತುಂಗ ರಸ್ತೆಯ ಆರ್‌ಬಿಐ ಕಟ್ಟಡದಲ್ಲಿದೆ. ಪತ್ರದ ಎರಡೂ ಬದಿ ಸ್ಕ್ಯಾನ್ ಮಾಡಿ, ಸಾಲದ ಹೆಸರು, ನಂಬರ್, ತಾರೀಖು, ಹಿಂಬದಿಯ ಸಹಿಗಳು, ಬಡ್ಡಿ ಚೌಕಗಳ ಸ್ಥಿತಿ ಎಲ್ಲ ಬರೆದು ಮೊದಲು ಪತ್ರ ಹಾಕಿ. ಈ ನಂಬರಿನ ಅಸಲು ಕೊಟ್ಟಾಗಿದೆಯೇ ಇಲ್ಲವೇ ಎಂಬುದೇ ಮೊದಲ ಪ್ರಶ್ನೆ. ಅದಕ್ಕೆ ಉತ್ತರ ಬರುವ ತನಕ ಮೂಲ ಪತ್ರವನ್ನು ಯಾರ ಕೈಗೂ ಕೊಡಬೇಡಿ. ಕಾಪಾಡುವ ಆಸೆಯಿಂದ ಲ್ಯಾಮಿನೇಷನ್ ಮಾಡಿಸಲೂ ಬೇಡಿ. ಹಿಂಬದಿಯಲ್ಲಿ ಮುದ್ರೆ ಒತ್ತಬೇಕಾದ ಕಾಗದ ಅದು.

ಅವಧಿ ಮುಗಿದೂ ಯಾರೂ ಕೇಳದ ಸಾಲಗಳು ಸರ್ಕಾರದ ಲೆಕ್ಕದಿಂದ ಮಾಯವಾಗುವುದಿಲ್ಲ. ಬಡ್ಡಿ ಇಲ್ಲದ ಮಾರುಕಟ್ಟೆ ಸಾಲ ಎಂಬ ಹೆಸರಿನಲ್ಲಿ ರಾಜ್ಯಗಳ ಲೆಕ್ಕಪತ್ರಗಳಲ್ಲೂ ಇಂಥ ಚಿಲ್ಲರೆ ಮೊತ್ತಗಳು ಕಾಣುತ್ತವೆ. ಹಾಗಾಗಿ ಕೇಳುವುದು ಹುಚ್ಚುತನವೇನಲ್ಲ.

ಕಷ್ಟ ಬರುವುದು ವಾರಸುದಾರರಲ್ಲಿ. ಮುತ್ತಜ್ಜನ ಹೆಸರಿನ ಪತ್ರಕ್ಕೆ ಈಗ ಮೂವತ್ತು ನಲವತ್ತು ಹಕ್ಕುದಾರರಿರಬಹುದು. ನಾಡಕಚೇರಿಯಿಂದ ವಂಶವೃಕ್ಷ ತರಬೇಕು. ಮರಣ ಪ್ರಮಾಣಪತ್ರ ಸಿಗದ ಹಿರಿಯರು ಇರುತ್ತಾರೆ. ಒಬ್ಬರು ಅಮೆರಿಕದಲ್ಲಿ, ಇನ್ನೊಬ್ಬರು ಮಾತು ಬಿಟ್ಟು ಇಪ್ಪತ್ತು ವರ್ಷ. ದೊಡ್ಡ ಮೊತ್ತಕ್ಕೆ ಸಿವಿಲ್ ಕೋರ್ಟಿನ ಉತ್ತರಾಧಿಕಾರ ಪ್ರಮಾಣಪತ್ರ ಬೇಕು. ಒಂದು ಲಕ್ಷದವರೆಗಿನ ಪತ್ರಗಳಿಗೆ ಕೋರ್ಟಿಗೆ ಹೋಗದೆಯೂ ರಿಸರ್ವ್ ಬ್ಯಾಂಕ್ ತಾನೇ ವಿಚಾರಣೆ ಮಾಡಿ ಹಕ್ಕು ತೀರ್ಮಾನಿಸಲು 2006ರ ಕಾಯ್ದೆಯಲ್ಲಿ ಅವಕಾಶವಿದೆ. ಯುದ್ಧಕಾಲದ ಪತ್ರಗಳಲ್ಲಿ ಹೆಚ್ಚಿನವು ಈ ಮಿತಿಯೊಳಗೇ ಬರುತ್ತವೆ. ಮನೆಯೊಳಗೇ ಜಗಳ ಇದ್ದರೆ ಮಾತ್ರ ಕೋರ್ಟು ತಪ್ಪಿದ್ದಲ್ಲ. ಆಗ ಸಾವಿರ ರೂಪಾಯಿಗಾಗಿ ವಕೀಲರಿಗೆ ಎಷ್ಟು ಸಾವಿರ ಕೊಡುತ್ತೀರಿ ಎಂದು ಮೊದಲೇ ಯೋಚಿಸಿ.

ಅಂಚೆ ಸರ್ಟಿಫಿಕೇಟ್‌ಗಳ ದಾರಿ ಬೇರೆ. ಅವುಗಳನ್ನು ಕೇಳಬೇಕಾದದ್ದು ಅಂಚೆ ಕಚೇರಿಯಲ್ಲಿ. ವರ್ಷಗಟ್ಟಲೆ ಯಾರೂ ಮುಟ್ಟದ ಸಣ್ಣ ಉಳಿತಾಯದ ಹಣವನ್ನು ಹಿರಿಯ ನಾಗರಿಕರ ಕಲ್ಯಾಣ ನಿಧಿಗೆ ಹಾಕುವ ವ್ಯವಸ್ಥೆ 2015ರ ಹಣಕಾಸು ಕಾಯ್ದೆಯಿಂದ ಬಂದಿದೆ. ಅಲ್ಲಿಗೆ ಹೋದ ಮೇಲೂ 25 ವರ್ಷ ಕೇಳಬಹುದು, ನಂತರ ಅದು ಸರ್ಕಾರದ ಪಾಲು. ಇತ್ತೀಚೆಗೆ ಹೆಸರಾಗಿರುವ ಉದ್ಗಮ್ ಪೋರ್ಟಲ್‌ನಲ್ಲಿ ಹುಡುಕಿ ಸಿಗಲಿಲ್ಲ ಎಂದು ನಿರಾಶರಾಗಬೇಡಿ. ಅದು ಬ್ಯಾಂಕ್ ಠೇವಣಿಗಳಿಗೆ, ಸರ್ಕಾರಿ ಬಾಂಡ್‌ಗಳಿಗಲ್ಲ.

ಹಳೇ ಬಾಂಡಿನ ಸುದ್ದಿ ಹರಡಿದಲ್ಲೆಲ್ಲ ಮಧ್ಯವರ್ತಿಗಳೂ ಬರುತ್ತಾರೆ. ಕೋಟಿಗಟ್ಟಲೆ ಬರುತ್ತದೆ, ಪ್ರೊಸೆಸಿಂಗ್ ಫೀ ಮೊದಲು ಕೊಡಿ ಎನ್ನುತ್ತಾರೆ. ರಿಸರ್ವ್ ಬ್ಯಾಂಕಿನ ಲೆಟರ್‌ಹೆಡ್‌ನಂತೆ ಕಾಣುವ ಕಾಗದವನ್ನೂ ತೋರಿಸುತ್ತಾರೆ. ಹಣ ಕೊಡಿಸುತ್ತೇವೆಂದು ತಾನು ಯಾರಿಂದಲೂ ದುಡ್ಡು ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ ಮತ್ತೆ ಮತ್ತೆ ಹೇಳುತ್ತಲೇ ಇದೆ. ಹಳೇ ಬಾಂಡ್ ಕಾಗದಗಳನ್ನು ಸಂಗ್ರಹಕ್ಕಾಗಿ ಕೊಳ್ಳುವವರು ನಿಜಕ್ಕೂ ಇದ್ದಾರೆ. ಚೆನ್ನಾಗಿ ಉಳಿದ ಪತ್ರಕ್ಕೆ ಮುಖಬೆಲೆಗಿಂತ ಜಾಸ್ತಿಯೇ ಕೊಡಬಹುದು. ಆದರೆ ಹಾಗೆ ಮಾರುವ ಮುಂಚೆ ಅಸಲು ಬಾಕಿ ಇದೆಯೇ ಎಂದು ನೋಡಿಕೊಳ್ಳಿ, ಏಕೆಂದರೆ ಅಸಲು ಪಡೆಯಲು ಇದೇ ಮೂಲ ಪತ್ರವನ್ನು ಒಪ್ಪಿಸಬೇಕು.

ಮನೆಗಳಿಗಿಂತ ಹೆಚ್ಚು ಹುಡುಕಬೇಕಾದ ಇನ್ನೊಂದು ಜಾಗ ಇದೆ. ದೇವಸ್ಥಾನ, ಮಠ, ಹಳೇ ಶಾಲೆ, ವಿದ್ಯಾರ್ಥಿ ನಿಲಯಗಳ ಬೀರು. ದತ್ತಿ ಹಣವನ್ನು ಸರ್ಕಾರಿ ಸಾಲಪತ್ರಗಳಂಥ ಭದ್ರವಾದ ಕಡೆ ಇಡುವ ರೂಢಿ ಇತ್ತು. ಬಹುಮಾನಕ್ಕೆಂದು, ನಂದಾದೀಪಕ್ಕೆಂದು ಯಾರೋ ಬಿಟ್ಟು ಹೋದ ಹಣ ಹೀಗೆ ಪ್ರಾಮಿಸರಿ ನೋಟುಗಳಲ್ಲಿ ಕೂತಿತ್ತು. ಇಲ್ಲಿ ಮೊತ್ತ ದೊಡ್ಡದಿರಬಹುದು. ಸಂಸ್ಥೆ ಸಾಯುವುದಿಲ್ಲವಾದ್ದರಿಂದ ವಂಶವೃಕ್ಷದ ತಲೆನೋವೂ ಇಲ್ಲ. ಕಮಿಟಿಯ ಈಗಿನ ಪದಾಧಿಕಾರಿಗಳು ಯಾರು ಎಂಬ ಠರಾವು, ಟ್ರಸ್ಟ್ ಪತ್ರ, ಹಳೇ ಲೆಕ್ಕದ ಪುಸ್ತಕ ಇವಿದ್ದರೆ ಅರ್ಜಿಗೆ ಬಲ ಬರುತ್ತದೆ. ನೀವು ಅಂಥ ಕಮಿಟಿಯಲ್ಲಿದ್ದರೆ ಮುಂದಿನ ಸಭೆಯಲ್ಲಿ ಬೀರುವಿನ ಕೀಲಿ ಯಾರ ಹತ್ತಿರ ಇದೆ ಎಂದು ಕೇಳಿ.